ಸ್ಟಾಫ್ ರೂಮಿನ ಕಬ್ಬು

ನಮ್ಮ ಶಾಲೆಯ ಮುಂದಿನ ರಸ್ತೆಗೆ ಹಂಪ್ ಹಾಕಿಸಿದ್ದು ಮಕ್ಕಳ ಜೀವ ಉಳಿಸುವುದಕ್ಕೆ. ಚಿಕ್ಕೋಡಿಯಿಂದ ರಾಯಬಾಗದ ಕಡೆ ಹೋಗುವ ದಾರಿ ಅದು. ಸಕ್ಕರೆ ಕಾರ್ಖಾನೆಗಳು ಶುರುವಾದವೆಂದರೆ ದಿನವಿಡೀ ಕಬ್ಬಿನ ಟ್ರ್ಯಾಕ್ಟರುಗಳು, ಒಂದೊಂದಕ್ಕೆ ಎರಡೆರಡು ಟ್ರಾಲಿ, ಜೊತೆಗೆ ಕಿವಿ ಹರಿಯುವಂಥ ಮರಾಠಿ ಹಾಡು. ಶಾಲಾ ಸಮಿತಿಯವರು ಪಂಚಾಯ್ತಿಗೆ ಅಲೆದಾಡಿ ಹಂಪ್ ಹಾಕಿಸಿ, ಅದರ ಮೇಲೆ ನಿಂತು ಫೋಟೊ ತೆಗೆಸಿಕೊಂಡರು. ಗಾಡಿಗಳು ನಿಧಾನವಾದವು. ಓಡುವ ಗಾಡಿಗಿಂತ ನಿಧಾನವಾದ ಗಾಡಿಯಿಂದ ಕಬ್ಬು ಎಳೆಯುವುದು ಸುಲಭ ಎಂಬುದು ಊರಿನ ಹಿರಿಯರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಒಂದನೆಯ ಇಯತ್ತೆಯ ಮಕ್ಕಳಿಗೆ ಮೊದಲ ದಿನವೇ ಹೊಳೆಯಿತು.

ನಾನು ಅಲ್ಲಿ ಕನ್ನಡ ಕಲಿಸುತ್ತೇನೆ. ದೂರದಿಂದ ಹಾಡು ಕೇಳಿದರೆ ಸಾಕು, ಸಂಧಿ ಸಮಾಸಗಳನ್ನು ನನ್ನೊಬ್ಬಳಿಗೇ ಬಿಟ್ಟು ಅರ್ಧ ತರಗತಿ ಹೊರಗೆ ಓಡುತ್ತಿತ್ತು. ಬೈದದ್ದಾಯಿತು, ಬಿಸಿಲಿಗೆ ನಿಲ್ಲಿಸಿದ್ದಾಯಿತು. ಕೊನೆಗೆ ಹೆಡ್ ಮಾಸ್ತರರಿಗೆ ತಾಲೂಕಿನಿಂದ ತರಬೇತಿಯ ಕರೆ ಬಂತು: ಮಕ್ಕಳ ಸಮಸ್ಯಾತ್ಮಕ ವರ್ತನೆಯನ್ನು ನಿಭಾಯಿಸುವುದು ಹೇಗೆ? ನನ್ನನ್ನೂ ಕರೆದುಕೊಂಡು ಹೋದರು.

ಸಮಸ್ಯಾತ್ಮಕ ವರ್ತನೆ ಎಂದರೆ ಏನೆಂದು ನಾನು ಕಣ್ಣಾರೆ ಕಂಡದ್ದು ಆ ತರಬೇತಿಯಲ್ಲೇ. ಮುಂದಿನ ಸಾಲಿನ ಕುರ್ಚಿಗಳು ಖಾಲಿ, ಹಿಂದಿನ ಸಾಲಿಗೆ ಜಗಳ. ಅಥಣಿಯ ಕಡೆಯವರೊಬ್ಬರು ಗೊರಕೆ ಹೊಡೆದರೆ, ನಿಪ್ಪಾಣಿಯವರಿಬ್ಬರು ಒಂದೇ ಮೊಬೈಲಿನಲ್ಲಿ ಕ್ರಿಕೆಟ್ ನೋಡಿದರು. ಉಪ್ಪಿಟ್ಟಿನ ಹೊತ್ತಿಗೆ ಸಭಾಂಗಣ ತುಂಬಿತು, ಸಹಿಯಾದ ಮೇಲೆ ಅರ್ಧ ಖಾಲಿಯಾಯಿತು. ನಡುವೆ ಪಾಪದ ತರಬೇತುದಾರರು, ಮಕ್ಕಳು ಹೇಳಿದ್ದನ್ನು ಕಲಿಯುವುದಿಲ್ಲ, ನೋಡಿದ್ದನ್ನು ಕಲಿಯುತ್ತಾರೆ, ಆದ್ದರಿಂದ ನೀವೇ ಮಾದರಿಯಾಗಿರಿ ಎಂದು ಗೋಡೆಗೆ ಹೇಳುತ್ತಿದ್ದರು.

ಮರಳಿ ಬಂದ ಹೆಡ್ ಮಾಸ್ತರರು ಆಫೀಸಿನ ಗೋಡೆಗೆ ಚಾರ್ಟ್ ಅಂಟಿಸಿದರು: ಶಿಕ್ಷೆ ಬೇಡ, ತಿಳಿವಳಿಕೆ ಬೇಕು. ಇನ್ನು ಮುಂದೆ ಯಾರನ್ನೂ ಹೊಡೆಯುವುದಿಲ್ಲ, ಬರಿ ಕಬ್ಬು ಜಪ್ತಿ ಮಾಡುವುದು ಎಂದರು. ಜಪ್ತಿಯಾದ ಕಬ್ಬು ಸ್ಟಾಫ್ ರೂಮಿನ ಮೂಲೆಗೆ ಬಂದು ನಿಂತಿತು. ಬೇಲಿಯೇ ಎದ್ದು ಹೊಲ ಮೇಯುವುದಕ್ಕೆ ಎರಡು ದಿನವೂ ಬೇಕಾಗಲಿಲ್ಲ. ಮಧ್ಯಾಹ್ನದ ಊಟ ಮುಗಿದ ಮೇಲೆ ಕುಡಗೋಲು ಬಂತು, ತುಂಡುಗಳಾದವು, ಸಿಪ್ಪೆಗೆ ಬುಟ್ಟಿ ಬಂತು. ಹೆಡ್ ಮಾಸ್ತರರಿಗೆ ಹಲ್ಲಿನ ತೊಂದರೆ, ಹೀಗಾಗಿ ಮೆತ್ತಗಿನದೆಲ್ಲ ಅವರ ಪಾಲಿಗೆ. ನಾನೂ ತಿಂದೆ. ಸಿಹಿ ಇತ್ತು, ಸುಳ್ಳೇಕೆ ಹೇಳಲಿ.

ಕಬ್ಬು ಎಳೆಯುವವರಲ್ಲಿ ಎಲ್ಲರಿಗಿಂತ ಗಟ್ಟಿಗಿತ್ತಿ ಏಳನೆಯ ಇಯತ್ತೆಯ ಒಬ್ಬ ಹುಡುಗಿ. ತಂದೆ ತಾಯಿ ಇಲ್ಲ, ಆಯಿ ಎಂದು ಕರೆಯುವ ಅಜ್ಜಿಯ ಜೊತೆ ಇರುತ್ತಾಳೆ. ಆಯಿ ಕಂಡವರ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ. ಹುಡುಗಿ ಬಾಯಿಬಡುಕಿ, ಲೆಕ್ಕದಲ್ಲಿ ಚುರುಕು, ಇಡೀ ತರಗತಿ ಅವಳು ಎದ್ದರೆ ಏಳುತ್ತದೆ, ಕೂತರೆ ಕೂರುತ್ತದೆ. ಒಂದು ದಿನ ಟ್ರಾಲಿಗೆ ಜೋತುಬಿದ್ದವಳು ಕೈ ಜಾರಿ ಗಾಲಿಯ ಪಕ್ಕದಲ್ಲೇ ಬಿದ್ದಳು. ಮೊಣಕಾಲು ತರಚಿತು, ಅಷ್ಟೇ. ಡ್ರೈವರ್ ಗಾಡಿ ನಿಲ್ಲಿಸಿ ಬಂದು, ನೀವೇನು ಶಾಲೆ ನಡೆಸುತ್ತೀರೋ ದನ ಕಾಯುತ್ತೀರೋ ಎಂದು ನಮ್ಮನ್ನು ಮರಾಠಿಯಲ್ಲೂ ಕನ್ನಡದಲ್ಲೂ ಝಾಡಿಸಿದ.

ಮರುದಿನವೇ ಸಮಿತಿಯ ಸಭೆ. ಅವಳಿಗೆ ಟಿಸಿ ಕೊಟ್ಟು ಕಳಿಸಬೇಕೆಂದು ಹಟ ಹಿಡಿದವರು ವಿಜ್ಞಾನದ ಮಾಸ್ತರರು. ಕಾನೂನಿನ ಪ್ರಕಾರ ಹಾಗೆ ಹೊರಹಾಕುವಂತಿಲ್ಲ. ಅದಕ್ಕೇ ಆಯಿಯೇ ಕೇಳಿಕೊಂಡಳೆಂದು ಅರ್ಜಿ ಬರೆದು ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಜಾಣತನವನ್ನೂ ಅವರೇ ಹೇಳಿಕೊಟ್ಟರು. ಆಯಿ ಬಾಗಿಲ ಬಳಿ ನೆಲದ ಮೇಲೆ ಕೂತಿದ್ದಳು. ಶಾಲೆ ಬಿಡಿಸಿದರೆ ನಿಪ್ಪಾಣಿಯಲ್ಲಿರುವ ಸೋದರತ್ತೆ ಹುಡುಗಿಯನ್ನು ಕರೆದೊಯ್ದು ತಂಬಾಕಿನ ವಖಾರಿಯಲ್ಲಿ ಕೂಲಿಗೆ ಹಚ್ಚುತ್ತಾಳೆ, ಹಾಗೆ ಮಾಡಬೇಡಿರಿ ಎಂದು ಸೆರಗು ಒಡ್ಡಿದಳು. ಸಮಿತಿಯ ಅಧ್ಯಕ್ಷರು, ಚಿಕ್ಕಂದಿನಲ್ಲಿ ತಾವೇ ಎತ್ತಿನ ಗಾಡಿಯಿಂದ ಎಳೆದ ಕಬ್ಬಿಗೆ ಲೆಕ್ಕವಿಲ್ಲವೆಂದು ನಗುತ್ತ ಹೇಳಿ, ಆಮೇಲೆ ಮುಖ ಗಂಭೀರ ಮಾಡಿಕೊಂಡು, ಈಗಿನ ಮಕ್ಕಳಿಗೆ ಸಂಸ್ಕಾರವಿಲ್ಲ ಎಂದರು. ಸಭೆಗೆ ಬಂದವರಿಗೆ ಏನಾದರೂ ಕೊಡಬೇಕಲ್ಲ? ತಟ್ಟೆಯಲ್ಲಿ ಕಬ್ಬಿನ ತುಂಡುಗಳನ್ನು ಇಟ್ಟಿದ್ದರು. ಹಿಂದಿನ ದಿನ ಅವಳ ಕೈಯಿಂದಲೇ ಜಪ್ತಿಯಾದದ್ದು.

ಹುಡುಗಿಯನ್ನು ಕರೆಸಿದರು. ತರಬೇತಿಯಲ್ಲಿ ಕಲಿತಂತೆ, ಮಗುವಿನ ಮನಸ್ಸಿನಲ್ಲಿರುವುದನ್ನು ಪ್ರೀತಿಯಿಂದ ಕೇಳಬೇಕು. ಹೆಡ್ ಮಾಸ್ತರರು ಬಾಯಿ ತುಂಬ ಕಬ್ಬು ಅಗಿಯುತ್ತಲೇ, ಯಾಕವ್ವ ಕಬ್ಬು ಕದೀತಿ ಎಂದು ಪ್ರೀತಿಯಿಂದ ಕೇಳಿದರು.

ಅವಳು ತಟ್ಟೆ ನೋಡಿದಳು, ಅವರನ್ನು ನೋಡಿದಳು.

"ಮದಲ ಬಾಯಾಗಿಂದ ಉಗಳ್ರಿ ಸರ್, ಆಮ್ಯಾಲ ಕೇಳ್ರಿ."

ಅಗಿಯುವ ಸದ್ದು ಒಮ್ಮೆಲೇ ನಿಂತಿತು. ಆಯಿ ಹಣೆ ಚಚ್ಚಿಕೊಂಡಳು. ವಿಜ್ಞಾನದ ಮಾಸ್ತರರು ಎದ್ದು, ಇದಕ್ಕಿಂತ ಬೇರೆ ಸಾಕ್ಷಿ ಬೇಕೇ, ಈಗಲೇ ಹೆಬ್ಬೆಟ್ಟು ಒತ್ತಿಸಿರಿ ಎಂದರು. ನ್ಯಾಯ, ಕರುಣೆ ಎಂದರೆ ಈ ಸಭೆಯಲ್ಲಿ ಕಿವಿಗೆ ಹಾಕಿಕೊಳ್ಳುವವರು ಯಾರು? ನಮ್ಮ ಶಾಲೆಯ ಮಕ್ಕಳ ಸಂಖ್ಯೆ ಆ ವರ್ಷ ಅಂಚಿನ ಮೇಲೆ ನಿಂತಿತ್ತು. ಕಡಿಮೆಯಾದರೆ ಒಬ್ಬ ಶಿಕ್ಷಕರು ಹೆಚ್ಚುವರಿಯೆಂದು ಬೇರೆ ಕಡೆ ವರ್ಗವಾಗುತ್ತಾರೆ. ಸೇವೆಯಲ್ಲಿ ಎಲ್ಲರಿಗಿಂತ ಕಿರಿಯರು ವಿಜ್ಞಾನದವರು, ಚಿಕ್ಕೋಡಿಯಲ್ಲಿ ಆಗತಾನೇ ಮನೆ ಕಟ್ಟಿಸಿದವರು.

"ಒಂದ ಹುಡುಗಿ ಕಮ್ಮಿ ಆದ್ಲಂದ್ರ ಒಬ್ರು ಮಾಸ್ತರೂ ಕಮ್ಮಿ ಆಗ್ತಾರ್ರಿ," ಎಂದೆ ನಾನು. "ಕಾಗವಾಡದ ಗಡಿಯಾಗ ಜಾಗಾ ಖಾಲಿ ಅದಾವಂತ."

ವಿಜ್ಞಾನದ ಮಾಸ್ತರರು ಕೂತರು. ಕೂತ ಮೇಲೆ ಅವರಿಗೆ ಮಗುವಿನ ಹಕ್ಕು ನೆನಪಾಯಿತು, ಗೋಡೆಯ ಚಾರ್ಟ್ ಕಣ್ಣಿಗೆ ಬಿತ್ತು, ತಿದ್ದಿದರೆ ತಿದ್ದಬಹುದಾದ ಹುಡುಗಿ ಎಂದರು. ಅಧ್ಯಕ್ಷರು ಹೂಂ ಎಂದರು. ತಟ್ಟೆ ಮತ್ತೆ ಸುತ್ತು ಬಂತು, ಸಭೆ ಮುಗಿಯಿತು.

ಅವಳನ್ನು ಬೇವಿನ ಗಿಡದ ಕೆಳಗೆ ಕೂಡಿಸಿಕೊಂಡೆ. ಆ ಗಾಲಿ ಒಂದು ಗೇಣು ಈಚೆ ಬಂದಿದ್ದರೆ ಎಂದು ಹೇಳಲು ಹೋದವಳು ನಾನೇ ಅತ್ತುಬಿಟ್ಟೆ. ಅವಳಿಗೆ ಗಾಬರಿಯಾಯಿತು. ನನ್ನನ್ನು ಸಮಾಧಾನ ಮಾಡುವುದಕ್ಕೋ ಏನೋ, ಒಂದು ಕರಾರು ಹಾಕಿದಳು.

"ನೀವು ತಿನ್ನೂದ ಬಿಟ್ರ ನಾ ಎಳಿಯೂದ ಬಿಡ್ತೇನ್ರಿ ಟೀಚರ್."

ಒಪ್ಪಿದೆ. ಉಳಿದವರ ಪರವಾಗಿ ಒಪ್ಪುವ ಅಧಿಕಾರ ನನಗಿರಲಿಲ್ಲ, ಆದರೂ ಒಪ್ಪಿದೆ. ಅವರಿಗೆ ಹೇಳುವ ಧೈರ್ಯವೂ ಆಗಲಿಲ್ಲ.

ಮರುದಿನ ಏಳನೆಯ ಇಯತ್ತೆಯಲ್ಲಿ ಪಾಠ ನಡೆದಿತ್ತು. ಹಾಡು ಕೇಳಿಸಿತು, ಹತ್ತಿರ ಬಂತು, ಟ್ರ್ಯಾಕ್ಟರ್ ಹಂಪಿನ ಮೇಲೆ ಏರಿ ನರಳಿತು. ಮಕ್ಕಳೆಲ್ಲ ಅವಳ ಕಡೆ ತಿರುಗಿದರು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು, ಕರಿಹಲಗೆಯನ್ನೇ ದಿಟ್ಟಿಸುತ್ತ ಕೂತಿದ್ದಳು. ಒಬ್ಬರೂ ಏಳಲಿಲ್ಲ. ಎರಡೂ ಟ್ರಾಲಿ ದಾಟಿದವು, ಹಾಡು ದೂರವಾಯಿತು.

ಆಗ ಬಾಗಿಲಲ್ಲಿ ಹೆಡ್ ಮಾಸ್ತರರು ಬಂದು ನಿಂತರು. ತರಗತಿಯನ್ನು ನೋಡಿದರು, ಖಾಲಿ ರಸ್ತೆಯನ್ನು ನೋಡಿದರು.

"ಯಾಕ್ರಿ ಟೀಚರ್," ಎಂದರು, "ಇವತ್ತ ಯಾರೂ ಹೋಗಲಿಲ್ಲೇನ್ರಿ?"