ಬುಗ್ಗಿಯೊಳಗಿನ ತಾಮ್ರದ ಕೊಡ

೧೯೭೦ರ ಜನವರಿಯಲ್ಲಿ ನಾನು ಸಾಂಗಲಿ ಜಿಲ್ಲೆಯ ಜತ್ತದಲ್ಲಿದ್ದೆ. ಹುದ್ದೆ ಗೃಹಿಣಿ. ಸರಕಾರಿ ಆದೇಶದಲ್ಲಿ ಹೆಸರಿದ್ದದ್ದು ನಮ್ಮವರದು, ಹಳ್ಳಕ್ಕೆ ಅಡ್ಡ ಕಟ್ಟುವ ಸಣ್ಣ ಬಂಧಾರಗಳ ಕೆಲಸ ನೋಡಿಕೊಳ್ಳುವ ಓವರ್‌ಸಿಯರ್ ಎಂದು. ಆದರೆ ಬದಲಿಯಾದಾಗಲೆಲ್ಲ ಟ್ರಂಕು ಕಟ್ಟಿ, ಹೊಸ ಊರಿನಲ್ಲಿ ಹಾಲು, ನೀರು, ಹಿಟ್ಟಿನ ಗಿರಣಿ ಹುಡುಕಿ, ಮೂರು ದಿನದೊಳಗೆ ಮನೆ ನಡೆಯುವಂತೆ ಮಾಡುವ ಜವಾಬ್ದಾರಿ ನನ್ನದು. ಅದನ್ನು ಮೂವತ್ತೆಂಟು ವರ್ಷ, ಹನ್ನೊಂದು ಊರುಗಳಲ್ಲಿ ಮಾಡಿದ್ದೇನೆ. ಆದ್ದರಿಂದ ವೃತ್ತಿಯ ಅನುಭವ ಬರೆಯುವ ಹಕ್ಕು ನನಗೂ ಇದೆ ಎಂದುಕೊಂಡು ಆ ಒಂದು ಶನಿವಾರ, ರವಿವಾರದ ಪ್ರಕರಣವನ್ನು ಬರೆಯುತ್ತಿದ್ದೇನೆ. ಇಷ್ಟು ವರ್ಷಗಳಾದರೂ ಅದನ್ನು ನೆನೆದರೆ ನನ್ನ ಕಿವಿ ಬಿಸಿಯಾಗುತ್ತದೆ.

ನಾನು ಓದಿದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ. ಧ್ವನಿ ಎತ್ತಬಾರದು, ಅತಿಥಿಗಳಿಗೆ ಎದುರಾಡಬಾರದು, ಬಾಗಿಲು ಸದ್ದಾಗದಂತೆ ಮುಚ್ಚಬೇಕು ಎಂದು ಸಿಸ್ಟರ್‌ಗಳು ಹತ್ತು ವರ್ಷ ಕಲಿಸಿದ್ದರು. ಜೋಳದ ರೊಟ್ಟಿ ಬಡಿಯುವುದನ್ನು ಮಾತ್ರ ಕಲಿಸಿರಲಿಲ್ಲ. ಜತ್ತದಲ್ಲಿ ಅದಕ್ಕಾಗಿಯೇ ನೀಲವ್ವ ಬರುತ್ತಿದ್ದಳು. ಇಪ್ಪತ್ತಮೂರು, ಇಪ್ಪತ್ನಾಲ್ಕರ ಹೆಣ್ಣು. ಕೊರಳಲ್ಲಿ ತಾಳಿ, ಕಾಲಲ್ಲಿ ಉಂಗುರ ಇದ್ದವು, ಆದರೆ ಇದ್ದದ್ದು ಅಣ್ಣನ ಮನೆಯಲ್ಲಿ. ಯಾಕೆಂದು ನಾನು ಕೇಳಿರಲಿಲ್ಲ. ಅವಳದೊಂದು ಅಭ್ಯಾಸವಿತ್ತು. ಕೆಲಸ ಮುಗಿಸಿ ಹೊರಡುವ ಮೊದಲು ನಮ್ಮ ಅಡುಗೆಮನೆಯ ಪಾತ್ರೆಗಳನ್ನೆಲ್ಲ ಕಟ್ಟೆಯ ಮೇಲೆ ಸಾಲಾಗಿ ಇಟ್ಟು, "ನೋಡ್ಕೋರಿ ಬಾಯಾರ, ಎಲ್ಲಾ ಅದಾವು" ಎನ್ನುವಳು. ನಾನು ನೋಡುವ ತನಕ ಹೊಸ್ತಿಲು ದಾಟುತ್ತಿರಲಿಲ್ಲ. ಭಾಳ ಅಚ್ಚುಕಟ್ಟು ಎಂದುಕೊಂಡಿದ್ದೆ.

ಆ ಚಳಿಗಾಲದಲ್ಲಿ ಪುಣೆಯಿಂದ ನಮ್ಮವರ ಕಾಲೇಜು ಗೆಳೆಯ ದಿನಕರ, ಇನ್ನಿಬ್ಬರು ಸ್ನೇಹಿತರ ಜೊತೆ, ಎರಡು ದಿನಕ್ಕೆಂದು ಬಂದರು. ದಿನಕರ ಕೆಲವು ವರ್ಷ ನೌಕಾದಳದಲ್ಲಿದ್ದವರು. ನೀರಿನೊಳಗೆ ಮುಳುಗಿ ಈಜುವುದು ಅವರ ಹವ್ಯಾಸ. ಎರಡು ಅಕ್ವಾಲಂಗ್ ಸಿಲಿಂಡರ್ ತಂದಿದ್ದರು. ಒತ್ತಡದಲ್ಲಿ ಗಾಳಿ ತುಂಬಿದ ಲೋಹದ ಕೊಳವೆ ಅದು. ಬೆನ್ನಿಗೆ ಕಟ್ಟಿಕೊಂಡು, ಅದರ ನಳಿಗೆಯನ್ನು ಬಾಯಲ್ಲಿ ಕಚ್ಚಿಕೊಂಡು ಉಸಿರಾಡಬೇಕು. ಒಂದು ಸಿಲಿಂಡರ್ ಸುಮಾರು ನಲವತ್ತು ನಿಮಿಷ ಬರುತ್ತದೆ. ಮುಗಿದರೆ ಮತ್ತೆ ತುಂಬಿಸಲು ಮುಂಬಯಿಗೇ ಹೋಗಬೇಕು. ಅಂದರೆ ಶನಿವಾರ ಒಂದು ಸಲ, ರವಿವಾರ ಒಂದು ಸಲ, ಅಷ್ಟೇ.

ಮುಳುಗಲು ನಮ್ಮವರು ತೋರಿಸಿದ ಜಾಗ ವಳಸಂಗದ ಆಚೆ ಹಳ್ಳದ ಪಕ್ಕದ ಒಂದು ಬುಗ್ಗೆ. ಬಂಡೆಯ ನಡುವೆ ನೆಲದೊಳಗಿಂದಲೇ ನೀರು ಉಕ್ಕಿ, ಮನೆಯಷ್ಟು ಅಗಲದ ಹೊಂಡವಾಗಿತ್ತು. ಒಂದು ಬದಿಗೆ ಕಲ್ಲಿನ ಮೆಟ್ಟಿಲು, ಅಲ್ಲಿಯವರ ಬಾಯಲ್ಲಿ ಪಾಯರಿ. ಹೊಂಡವನ್ನು ಸುತ್ತಲಿನವರು ಬುಗ್ಗಿ ಎಂದೇ ಕರೆಯುತ್ತಿದ್ದರು. ಹತ್ತಿರದ ಹಳ್ಳಿಗೆ ಕುಡಿಯಲು ಅದೇ ನೀರು.

ದಿನಕರರದು ಒಂದೇ ಷರತ್ತು: ನೀರು ತಿಳಿಯಾಗಿರಬೇಕು, ಎರಡು ದಿನ ಯಾರೂ ಕೊಡ ಮುಳುಗಿಸಿ ಕದಡಬಾರದು. ನಮ್ಮವರು ಆಫೀಸಿನ ಜವಾನ, ಪಟ್ಟೇವಾಲಾ ರಾಮಣ್ಣನನ್ನು ಕಳಿಸಿ, ಸರಕಾರಿ ತಪಾಸಣೆ ಇದೆ, ಬುಗ್ಗಿಯ ಕಡೆ ಯಾರೂ ಬರಕೂಡದು ಎಂದು ಹಳ್ಳಿಯಲ್ಲಿ ಹೇಳಿಸಿದರು. ತಪಾಸಣೆಯಂತೆ. ಶನಿವಾರ ಬೆಳಿಗ್ಗೆ ನಮ್ಮ ಜೀಪು ಹೋಗುವಾಗ, ಹೆಂಗಸರು ಖಾಲಿ ಕೊಡ ಹೊತ್ತು ಒಂದು ಮೈಲಿ ದೂರದ ತೋಟದ ಬಾವಿಗೆ ನಡೆದಿದ್ದರು. ನಮ್ಮ ಜೀಪಿನ ಧೂಳಿಗೆ ಸೆರಗು ಮುಚ್ಚಿಕೊಂಡು ರಸ್ತೆ ಬದಿಗೆ ಸರಿದು ನಿಂತರು. ನಾನು ಬುತ್ತಿಯ ಬುಟ್ಟಿ ಹಿಡಿದು ಸುಮ್ಮನೆ ಕೂತಿದ್ದೆ. ಅದೂ ನನ್ನ ತಪ್ಪೇ.

ಬಿಸಿ ರೊಟ್ಟಿ ಅಲ್ಲಿಯೇ ಮಾಡಿಸೋಣವೆಂದು ನೀಲವ್ವನನ್ನು ಹಿಂದಿನ ದಿನ ಕರೆದಿದ್ದೆ. "ಆ ಬುಗ್ಗಿಗಿ ನಾ ಬರಂಗಿಲ್ರಿ ಬಾಯಾರ. ಇಲ್ಲೇ ಬಡದು ಕೊಡ್ತೀನಿ, ಒಯ್ರಿ" ಎಂದವಳು ಬೆಳಗಿನ ಚಳಿಯಲ್ಲೇ ಬಂದು ಮೂವತ್ತು ರೊಟ್ಟಿ ಬಡಿದು ಬಟ್ಟೆಯಲ್ಲಿ ಸುತ್ತಿಕೊಟ್ಟಿದ್ದಳು.

ನೀರಿನಿಂದ ತೆಳುವಾಗಿ ಹಬೆ ಏಳುತ್ತಿತ್ತು. ದಿನಕರ ಇಳಿದರು. ಅರ್ಧ ಗಂಟೆಯ ಮೇಲೆ ಎದ್ದಾಗ ಅವರ ಕಂಕುಳಲ್ಲಿ ಒಂದು ಕೊಡವಿತ್ತು, ಹಸಿರು ಕಿಲುಬು ಹಿಡಿದ ತಾಮ್ರದ ಕೊಡ. ಇಪ್ಪತ್ತೆಂಟು ಅಡಿ ಕೆಳಗೆ ಬಂಡೆಯಡಿ ಒಂದು ಗವಿ ಇದೆ, ತಳ ಅದರೊಳಕ್ಕೆ ಇಳಿಜಾರಾಗಿದೆ, ಅಲ್ಲಿ ಉರುಳಿಕೊಂಡು ಹೋಗಿ ಕೂತಿತ್ತು ಎಂದರು. ಹಗ್ಗಕ್ಕೆ ಕಟ್ಟಿ ಮೇಲಿನಿಂದ ಬಿಟ್ಟ ಯಾವ ಕೊಕ್ಕೆಯೂ ಅಲ್ಲಿಗೆ ತಲುಪಲಾರದು. ಹುಣಸೆಹಣ್ಣು ಹಾಕಿ ಉಜ್ಜಿಸಿ ಪುಣೆಯ ದಿವಾನಖಾನೆಯಲ್ಲಿ ದೀಪದ ಸ್ಟ್ಯಾಂಡ್ ಮಾಡಿಸುವುದೆಂದು ಮೂವರೂ ಆಗಲೇ ಮಾತಾಡತೊಡಗಿದರು.

ನಾನು ಕೊಡದ ಕಂಠವನ್ನು ಸೆರಗಿನಿಂದ ಒರೆಸಿದೆ. ನಮ್ಮ ಕಡೆ ಮದುವೆಯ ಪಾತ್ರೆಗಳಿಗೆ ಚಾಣವೆಂಬ ಸಣ್ಣ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಸುತ್ತಾರೆ. ಇದರ ಮೇಲೂ ಇತ್ತು: ಚಿ. ಸೌ. ನೀಲವ್ವ, ತಂದೆ ಸಿದ್ದಪ್ಪ.

ರಾಮಣ್ಣ ಬಗ್ಗಿ ನೋಡಿದವನು ಹಾಗೆಯೇ ಕೂತುಬಿಟ್ಟ. "ಬಾಯಾರ, ಇದು ನಿಮ್ಮನ್ಯಾಗ ರೊಟ್ಟಿ ಬಡೀತಾಳಲ್ರಿ, ಆಕಿದು. ಈ ಊರಿಗೇ ಕೊಟ್ಟಿದ್ರು ಆಕಿನ್ನ. ಪಾಯರಿ ಮ್ಯಾಲ ಕಾಲು ಜಾರಿ ಕೊಡ ನೀರಾಗ ಬಿತ್ತಂತ ಹೇಳಿದ್ಳು. ಎರಡು ದಿನ ಪಾತಾಳಗರಡಿ ಬಿಟ್ಟು ಹುಡುಕಿದ್ರು, ಸಿಗಲಿಲ್ಲ. ಮದುವ್ಯಾಗ ಕೊಟ್ಟ ಮ್ಯಾಲ ಅದು ಅತ್ತಿಮನಿ ಪಾತ್ರಿ, ಕದ್ದು ತವರಿಗಿ ಸಾಗಿಸ್ಯಾಳಂತ ಅತ್ತಿ ಮಂದಿ ಕೂಡಿಸಿ ಹೊರಗ ಹಾಕಿದ್ಳು. ಮೂರು ವರ್ಷ ಆತು."

ಕಟ್ಟೆಯ ಮೇಲೆ ಸಾಲಾಗಿ ಇಟ್ಟ ನನ್ನ ಪಾತ್ರೆಗಳು ಕಣ್ಣ ಮುಂದೆ ಬಂದವು.

ದಿನಕರರಿಗೆ ವಿಷಯ ತಿಳಿಸಿ, ಕೊಡವನ್ನು ನನಗೆ ಕೊಡಿ ಎಂದೆ. ಅವರು ನಕ್ಕರು. "ಅಷ್ಟು ಕೆಳಗೆ ಇಳಿದು ತಂದವನು ನಾನು ವೈನಿ. ಮೂರು ವರ್ಷ ಯಾರೂ ಬರಲಿಲ್ಲವಲ್ಲ." ನಮ್ಮವರು ನನ್ನ ಪಕ್ಕಕ್ಕೆ ಬಂದು, "ಅವಳಿಗೆ ಸಾಂಗಲಿಯಿಂದ ಹೊಸ ಕೊಡ ತರಿಸಿಕೊಡೋಣ, ಬಿಡು" ಎಂದು ಪಿಸುಗುಟ್ಟಿದರು. ಒಳ್ಳೆಯ ಮನುಷ್ಯ, ಆದರೆ ಆ ಮಾತನ್ನು ನಾನು ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ. ಅವಳು ಕಳೆದುಕೊಂಡದ್ದು ಅಂಗಡಿಯಲ್ಲಿ ಸಿಗುತ್ತದೆಯೇ?

ನಾನು ಕೂಗಾಡಲಿಲ್ಲ. ಬುತ್ತಿಯ ಬುಟ್ಟಿಯ ಗಂಟು ಬಿಚ್ಚಲಿಲ್ಲ, ಅಷ್ಟೇ. ನೀರಿನಿಂದ ಎದ್ದು ಚಳಿಗೆ ನಡುಗುತ್ತಿದ್ದ ದಿನಕರ, ಹಸಿದಿದ್ದ ಅವರ ಇಬ್ಬರು ಸ್ನೇಹಿತರು ಇಪ್ಪತ್ತು ನಿಮಿಷ ಹವಾಮಾನದ ಬಗ್ಗೆ ಮಾತಾಡಿದರು. ಕಡೆಗೆ ದಿನಕರ ಕೊಡವನ್ನು ನನ್ನ ಕಾಲ ಬಳಿ ಇಟ್ಟು, "ಒಂದು ಹಳೇ ಭಾಂಡೆಗೆ ಇಷ್ಟು ಸಿಟ್ಟೇ" ಎಂದರು. ನಾನು ರೊಟ್ಟಿ ಬಡಿಸಿದೆ.

ಸಂಜೆ ಐದರ ಸುಮಾರಿಗೆ ಆ ಕೊಡವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನೀಲವ್ವನ ಅಣ್ಣನ ಮನೆಗೆ ಹೋದೆ. ಅವಳ ಮುಖ ಅರಳುವುದನ್ನು ದಾರಿಯುದ್ದಕ್ಕೂ ಕಲ್ಪಿಸಿಕೊಂಡಿದ್ದೆ. ಅವಳು ಬಾಗಿಲಲ್ಲಿ ನಿಂತು ಕೊಡ ನೋಡಿದಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಒಳಗ ತರಬ್ಯಾಡ್ರಿ ಬಾಯಾರ."

"ನಿಂದ ಅದು ನೀಲವ್ವ. ಬುಗ್ಗ್ಯಾಗ ಸಿಕ್ತು."

"ಸಿಕ್ಕಾಗ ಊರವ್ರು ಯಾರಿದ್ರು?"

ಯಾರೂ ಇರಲಿಲ್ಲ ಎಂದೆ. ಯಾರನ್ನೂ ಬರಗೊಟ್ಟಿರಲಿಲ್ಲ.

"ಹಂಗಾರ ಮುಗೀತ್ರಿ. ಇಷ್ಟ ದಿನ ಕಳ್ಳಿ ಮನ್ಯಾಗ ಇತ್ತು, ಈಗ ಸಾಹೇಬ್ರ ಬಾಯಾರ್ನ ಮುಂದ ಮಾಡಿ ಬುಗ್ಗ್ಯಾಗಿಂದ ಬಂತಂತ ಆಟ ಹೂಡ್ಯಾಳ ಅಂತಾಳ ನಮ್ಮತ್ತಿ. ನೀರಾಗ ಇತ್ತಲ್ರಿ, ಅದ ಚಲೋ ಇತ್ತು."

ಮೂರು ವರ್ಷ ಯಾರ ಕೈಗೂ ಸಿಗದೆ ಉಳಿದಿದ್ದ ಒಂದೇ ಸಾಕ್ಷಿಯನ್ನು ನಾವು ಒಂದು ಬೆಳಗಿನ ಮೋಜಿಗೆ ಹೊರಗೆ ತೆಗೆದಿದ್ದೆವು. ಅದನ್ನು ಅವಳ ಬಾಗಿಲಿಗೆ ತಂದು, ಕಳ್ಳತನದ ಆರೋಪಕ್ಕೆ ನಾನೇ ಮುದ್ರೆ ಒತ್ತುತ್ತಿದ್ದೆ. ಅವಳನ್ನು ಒಂದು ಮಾತು ಕೇಳದೆ.

ಅವಳು ಕೊಡದ ಬಾಯೊಳಗೆ ಇಣುಕಿದಳು. "ಬಿಂದಿಗಿ ಎಲ್ಲ್ಯದ?"

"ಯಾವ ಬಿಂದಿಗಿ?"

"ಕೊಡದ ಮ್ಯಾಲ ಸಣ್ಣ ಬಿಂದಿಗಿ ಇತ್ರಿ. ಎರಡೂ ಕೂಡೇ ಬಿದ್ದಿದ್ವು. ಅದಕ್ಕೂ ನಮ್ಮಪ್ಪ ಹೆಸರ ಹೊಡಸಿದ್ದ."

ಹಾಗಾದರೆ ಅದು ಇನ್ನೂ ಕೆಳಗಿರಬೇಕು. ಉಳಿದಿದ್ದದ್ದು ಒಂದು ಸಿಲಿಂಡರ್. ದಿನಕರ ಅದನ್ನು ನೀರಿನೊಳಗೆ ಫೋಟೋ ತೆಗೆಯಲು ಎತ್ತಿಟ್ಟಿದ್ದರು. ರವಿವಾರ ಮಧ್ಯಾಹ್ನ ಅವರು ಮಿರಜಿಗೆ ಹೊರಡುವವರು.

ಮನೆಗೆ ಬಂದು ನಮ್ಮವರಿಗೆ ಎಲ್ಲವನ್ನೂ ಹೇಳಿದೆ. "ತಪಾಸಣೆ ಅಂತ ಹೇಳಿದವರು ನೀವು. ನಾಳೆ ಊರನ್ನೆಲ್ಲ ಕರೆದು ತಪಾಸಣೆ ಮಾಡಿಸಿ" ಎಂದೆ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅವರಿಗೆ ಹಾಗೆ ಹೇಳಿದ್ದು ಅದೇ ಮೊದಲು. ಅವರ ಮುಖ ಕೆಂಪಾಯಿತು. ಎದ್ದು ಹೋಗಿ, ಊರವರನ್ನು ಕರೆಯುವಂತೆ ರಾಮಣ್ಣನಿಗೆ ಹೇಳಿ ಕಳಿಸಿದರು. ಮಂದಿ ಬಂದರೆ ನೀರು ಕದಡುತ್ತದೆ, ಫೋಟೋ ಕೆಡುತ್ತದೆ ಎಂದು ದಿನಕರ ಗೊಣಗಿದರು. "ನೀರು ಅವರದು" ಎಂದೆ. ಅವರು ಒಪ್ಪಿದರು. ನನ್ನ ಮಾತಿಗೋ, ಊರಿನ ಮುಂದೆ ಮುಳುಗಿ ತೋರಿಸುವ ಆಸೆಗೋ, ನನಗೆ ಗೊತ್ತಿಲ್ಲ.

ರವಿವಾರ ಬುಗ್ಗಿಯ ಸುತ್ತ ಐವತ್ತು, ಅರವತ್ತು ಮಂದಿ ಸೇರಿದರು. ನೀಲವ್ವ ಅಣ್ಣನ ಜೊತೆ ಬಂದು ಮೇಲಿನ ದಂಡೆಯಲ್ಲಿ ನಿಂತಳು. ಕೊಡವನ್ನು ಎಲ್ಲರಿಗೂ ಕಾಣುವಂತೆ ಬಂಡೆಯ ಮೇಲೆ ಇಟ್ಟು, ಎಲ್ಲಿ ಸಿಕ್ಕಿತೆಂದು, ಜೊತೆಯ ಬಿಂದಿಗೆ ಇನ್ನೂ ಒಳಗಿದೆಯೆಂದು ನಮ್ಮವರು ಹೇಳಿದರು. ಅತ್ತೆ ಗೌರವ್ವ ದಪ್ಪನೆಯ ಕಂಬಳಿ ಹೊದ್ದು ಮುಂದೆಯೇ ಕೂತಿದ್ದಳು.

"ಸಾಹೇಬ್ರು ಸುಳ್ಳ ಹೇಳ್ತಾರನ್ನಂಗಿಲ್ಲ ನಾ" ಎಂದಳು. "ಆದ್ರ ಸಾಹೇಬ್ರ ಮನ್ಯಾಗ ರೊಟ್ಟಿ ಬಡಿಯಾಕಿ ಯಾರು, ಅದನ್ನಷ್ಟ ಹೇಳ್ರಿ."

ಕೆಲವರು ನಕ್ಕರು. ನೀರು ಸಿಗದೆ ಮೈಲಿ ನಡೆದಿದ್ದ ಒಬ್ಬ ಮುದುಕಿ ಹಿಂದಿನಿಂದ ಕೂಗಿದಳು: "ಬಿಂದಿಗಿ ಇನ್ನೂ ಒಳಗದಂತಲ್ಲ ಗೌರವ್ವ, ಸ್ವಲ್ಪ ಬಾಯಿ ಮುಚ್ಚಿ ಕುಂದರು. ಬರದಿದ್ರ ಆಮ್ಯಾಲ ನಿಂದ ರಾಜ್ಯ."

ದಿನಕರ ಇಳಿದರು. ಉಸಿರಿನ ಗುಳ್ಳೆಗಳು ಮೊದಲು ನಡುವೆ ಎದ್ದವು, ಆಮೇಲೆ ಬಂಡೆಯ ಕಡೆ ಸರಿದವು, ಆಮೇಲೆ ಕಾಣದಾದವು. ಗವಿಯೊಳಗೆ ಹೋಗಿರಬೇಕು. ನಾನು ಕೈಗಡಿಯಾರ ನೋಡುತ್ತಿದ್ದೆ. ಹತ್ತು ನಿಮಿಷ. ಹದಿನೈದು. ಗೌರವ್ವ ಕಂಬಳಿ ಸರಿಪಡಿಸಿಕೊಂಡು ಏಳಲು ಅನುವಾದಳು. ನೀಲವ್ವ ನೀರನ್ನು ನೋಡುತ್ತಿರಲಿಲ್ಲ. ಎದುರಿಗೆ, ಗಂಡಸರ ಗುಂಪಿನಲ್ಲಿ ನಿಂತಿದ್ದ ತನ್ನ ಗಂಡ ಮಲ್ಲಪ್ಪನನ್ನು ನೋಡುತ್ತಿದ್ದಳು.

ಹತ್ತೊಂಬತ್ತನೇ ನಿಮಿಷಕ್ಕೆ ಮೊದಲು ಮೇಲೆ ಬಂದದ್ದು ಒಂದು ಕೈ, ಆ ಕೈಯಲ್ಲಿ ಬಿಂದಿಗೆ. ದಿನಕರ ಅದನ್ನು ಮೆಟ್ಟಿಲ ಮೇಲೆ ಬೋರಲು ಹಾಕಿದರು. ಕಪ್ಪು ರಾಡಿ ಸುರಿಯಿತು, ಅದರ ಜೊತೆ ಒಂದು ಪುಟ್ಟ ಏಡಿ ಹೊರಬಿದ್ದು ಅಡ್ಡಡ್ಡ ಓಡಿ ನೀರು ಸೇರಿತು. ಶಾಲೆಯ ಮಾಸ್ತರರು ಕಂಠ ಒರೆಸಿ ಹೆಸರನ್ನು ಗಟ್ಟಿಯಾಗಿ ಓದಿದರು.

ಈಗ ಬರೆಯುವುದೇ ನನಗೆ ಕಷ್ಟದ್ದು. ಗೌರವ್ವ ಎದ್ದು ಬಂದಳು, ಬಿಂದಿಗೆಯನ್ನು ತಿರುಗಿಸಿ ನೋಡಿದಳು. "ಹೌದು, ನಮ್ಮದ ಐತಿ" ಎಂದು ಅದನ್ನು ಬಗಲಿಗೆ ಇರುಕಿಕೊಂಡಳು. ಮತ್ತೊಂದು ಕೈಯಲ್ಲಿ ಕೊಡ ಎತ್ತಿಕೊಂಡಳು. "ಭಾಳ ಉಪಕಾರ ಆತ್ರಿ ಸಾಹೇಬ್ರ" ಎಂದು ದಿನಕರರಿಗೆ ಕೈ ಮುಗಿದಳು. ಮೂರು ವರ್ಷ ಕಳ್ಳಿ ಎನಿಸಿಕೊಂಡ ಸೊಸೆಗೆ ಒಂದು ಮಾತಿಲ್ಲ. ಅವಳನ್ನು ಹೊರಹಾಕಿದ ದಿನ ಪಂಚಾಯತಿಗೆ ಕೂತಿದ್ದ ಹಿರಿಯರು ಬೀಡಿ ಹಚ್ಚಿಕೊಂಡರು. ಪಾತ್ರೆ ಸಿಕ್ಕಿತು, ಪ್ರಕರಣ ಮುಗಿಯಿತು ಎಂಬಂತೆ ಹೆಂಗಸರು ನೀರು ತುಂಬತೊಡಗಿದರು.

ಮಲ್ಲಪ್ಪ ದಂಡೆ ಹತ್ತಿ ಹೆಂಡತಿಯ ಎದುರು ನಿಂತ. "ಆತಲ್ಲ, ಸಿಕ್ತು. ನಡಿ ಮನಿಗಿ."

ನೀಲವ್ವ ಧ್ವನಿ ಎತ್ತಲಿಲ್ಲ. ಆದರೂ ಕೆಳಗಿದ್ದ ನಮಗೆ ಪ್ರತಿಯೊಂದು ಮಾತೂ ಕೇಳಿಸಿತು.

"ಪುಣೇದಾಂವ ಇಳದು ತಂದ. ನೀ ಯಾಕ ಇಳೀಲಿಲ್ಲ? ಗೆಳ್ಯಾರ ಕೂಡ ಪೈಜ ಕಟ್ಟಿ ಇದ ಬುಗ್ಗ್ಯಾಗ ಮುಣಗಿ ತಳದ ಮಣ್ಣ ತಂದು ತೋರಸ್ತಿದ್ದಿ. ಕೊಡ, ಬಿಂದಿಗಿ ನೀರಾಗ ಬಿದ್ದಾವಂತ ನಾ ಅಳಕೋತ ಅಂದಾಗ, ಒಂದ ಸಲ ಮುಣಗಿ ನೋಡೂಣು ಅನಸಲಿಲ್ಲ?"

ಅವನು ನೀರು ಸೋಕದ ತನ್ನ ಪಾದಗಳನ್ನು ನೋಡಿಕೊಂಡ.

"ಅವತ್ತ ಕುಂತಿದ್ರಲ್ಲ, ಅಷ್ಟೂ ಮಂದಿನ್ನ ಕೂಡಸು. ನಾ ಕದ್ದಿಲ್ಲ ಅಂತ ನಿಮ್ಮವ್ವನ ಬಾಯಿಲೆ ಹೇಳಸು. ಆಮ್ಯಾಲ ಕರೀಲಿಕ್ಕ ಬಾ." ಎರಡೂ ಖಾಲಿ ಕೈಗಳನ್ನು ಊರಿಗೆಲ್ಲ ಕಾಣುವಂತೆ ಒಮ್ಮೆ ಮುಂದೆ ಚಾಚಿ, ಅಣ್ಣನ ಹಿಂದೆ ಜತ್ತದ ದಾರಿ ಹಿಡಿದಳು.

ಮಲ್ಲಪ್ಪ ಅವಳನ್ನು ಕರೆಯಲು ಎರಡು ಸಲ ಬಂದದ್ದು ನನಗೆ ಗೊತ್ತು, ಎರಡು ಸಲವೂ ಒಬ್ಬನೇ ಬಂದಿದ್ದ. ೧೯೭೨ರಲ್ಲಿ ನಮಗೆ ಬದಲಿಯಾಗುವವರೆಗೂ ನೀಲವ್ವ ನಮ್ಮಲ್ಲಿಯೇ ರೊಟ್ಟಿ ಬಡಿಯುತ್ತಿದ್ದಳು. ದಿನಕರ ಪುಣೆಯಿಂದ ಪತ್ರ ಬರೆದು ಆತಿಥ್ಯಕ್ಕೆ ವಂದನೆ ಹೇಳಿದ್ದರು. ನಾನು ಉತ್ತರ ಬರೆಯಲಿಲ್ಲ. ಕಾನ್ವೆಂಟಿನ ದೃಷ್ಟಿಯಲ್ಲಿ ಅದು ಅಪರಾಧ.

ಮನೆ ನಡೆಸುವವರ ಕೈಯಲ್ಲಿ ಒಂದು ಸಣ್ಣ ನ್ಯಾಯಾಲಯವೂ ಇರುತ್ತದೆ. ಏನೋ ಕಾಣೆಯಾಗುತ್ತದೆ, ಯಾರದೋ ಮೇಲೆ ಕಣ್ಣು ಹೋಗುತ್ತದೆ. ಮುಂದೆ ಸಾಂಗಲಿಯಲ್ಲಿ ಒಮ್ಮೆ ಹಬ್ಬದ ದಿನ ಬೆಳ್ಳಿಯ ಬಟ್ಟಲೊಂದು ಕಾಣಲಿಲ್ಲ. ಪಾತ್ರೆ ತೊಳೆಯುವವಳನ್ನು ಕರೆದು ಕೇಳಿ ಎಂದು ಬಂದಿದ್ದ ನೆಂಟರು ಹೇಳಿದರು. ನಾನು ಬಳೆ ತೆಗೆದಿಟ್ಟು, ರೇಷ್ಮೆ ಸೀರೆಯಲ್ಲೇ ಮೊಣಕಾಲೂರಿ, ಬಚ್ಚಲ ಮೋರಿಯೊಳಗೆ ತೋಳಿನವರೆಗೆ ಕೈ ಹಾಕಿದೆ. ನೆಂಟರು ಮೂಗು ಮುಚ್ಚಿಕೊಂಡರು. ಒಬ್ಬರ ಮಾತನ್ನು ಸುಳ್ಳೆನ್ನುವ ಮೊದಲು ಇಳಿದು ನೋಡಬೇಕಾದದ್ದು ನಾವೇ, ಅದೂ ನಮ್ಮ ಕೈಯನ್ನೇ ರಾಡಿ ಮಾಡಿಕೊಂಡು.