ಪಶ್ಚಿಮಕ್ಕೆ ಬಾಗಿಲಿದ್ದ ಕೋಣೆ

ಔರಾದಿನ ಶಾಲೆಯೊಂದರಲ್ಲಿ ಎಂಟನೆಯ ತರಗತಿಗೆ ಗಣಿತ ಹೇಳುತ್ತಿದ್ದೆ. ಬೀದರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಅನುಪಾತದ ಪಾಠ ಮಕ್ಕಳ ತಲೆಗೆ ಹತ್ತದಿದ್ದಾಗ, ಮನೆಯ ಒಂದು ಕೋಣೆಯನ್ನು ಅಳೆದು ನೀಲನಕ್ಷೆ ಬರೆದು ತನ್ನಿ ಎಂದೆ. ಗ್ರಾಫ್ ಹಾಳೆಯ ಒಂದು ಚೌಕವೆಂದರೆ ನೆಲದ ಅರ್ಧ ಅಡಿ. ಮಂಚ, ಕಪಾಟು, ಒಲೆ ಎಲ್ಲವನ್ನೂ ಅದೇ ಅಳತೆಗೆ ರಟ್ಟಿನಲ್ಲಿ ಕತ್ತರಿಸಿ, ನಕ್ಷೆಯ ಮೇಲೆ ಸರಿಸುತ್ತ ಕೋಣೆಯನ್ನು ಹೊಸದಾಗಿ ಜೋಡಿಸಬೇಕು.

ಹೆಚ್ಚಿನವರು ಟಿವಿಗೆ ಗೋಡೆ ಹುಡುಕುವುದರಲ್ಲಿ ಮುಳುಗಿದ್ದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಮಂಚವೊಂದನ್ನೇ ತಿರುಗಿಸುತ್ತ ಕೂತಿದ್ದಳು. ಮನೆಯಲ್ಲಿ ಉರ್ದು ಆಡುವವಳು. ಶಾಲೆಯಲ್ಲಿ ಮಾತು ಕಡಿಮೆ.

"ಯಾರ ಮಂಚ ಇದು?" ಎಂದೆ.

"ಅಮ್ಮೀದ್ರಿ ಟೀಚರ್. ಸೊಂಟದ ಕೆಳಗ ಜೀವ ಇಲ್ರಿ ಅಕಿಗಿ. ದಿನಾ ಗೋಡಿ ನೋಡ್ಕೋತ ಮಲಗಿರ್ತಾಳ. ಬಾಗ್ಲಾ ತಲಿ ಹಿಂದ ಅದ."

ರಟ್ಟನ್ನು ಪೂರ್ತಿ ತಿರುಗಿಸಿ, ತಲೆಯನ್ನು ಹಿಂದಿನ ಗೋಡೆಗೂ ಕಾಲನ್ನು ಬಾಗಿಲ ಕಡೆಗೂ ಮಾಡಿದಳು. "ಹಿಂಗ ಇಟ್ರ ಓಣ್ಯಾಗ ಹೋಗೋರು ಬರೋರು ಕಾಣ್ತಾರ್ರಿ." ಅವಳ ಮುಖ ಅರಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಬಂದಾಗ ಮುಖ ಬಾಡಿತ್ತು. "ದಾದಿ ಬ್ಯಾಡಂದಾಳ್ರಿ. ಬಾಗ್ಲಾ ಪಶ್ಚಿಮಕ್ಕದ. ಕಿಬ್ಲಾ ಕಡಿ ಕಾಲು ಚಾಚಬಾರದಂತ."

ನಮಾಜಿಗೆ ನಿಲ್ಲುವ ದಿಕ್ಕಿಗೆ ಕಾಲು ಮಾಡಿ ಮಲಗುವುದು ದಾದಿಗೆ, ಎಂದರೆ ಅವಳ ಅಜ್ಜಿಗೆ, ಸಹಿಸದ ಮಾತು. ತರಗತಿಯ ಯಾವ ನಕ್ಷೆಯಲ್ಲೂ ದಿಕ್ಕೇ ಇರಲಿಲ್ಲ. ಅಂದು ಎಲ್ಲರೂ ಮೂಲೆಯಲ್ಲಿ ಉತ್ತರದ ಬಾಣ ಹಾಕಿದರು. ಹುಡುಗಿ ಮತ್ತೆ ಕೂತಳು. ಮಂಚವನ್ನು ಹಿಂದಿನ ಗೋಡೆಗೆ ಅಡ್ಡವಾಗಿಟ್ಟಳು, ತಲೆ ಉತ್ತರಕ್ಕೆ. ಬಲಮಗ್ಗುಲಿಗೆ ತಿರುಗಿಸಿ ಮಲಗಿಸಿದರೆ ಬಾಗಿಲು ಕಾಣುತ್ತದೆ, ಮುಖವೂ ಕಿಬ್ಲಾದ ಕಡೆಗಿರುತ್ತದೆ. ಅಲ್ಲಿದ್ದ ಸಂದೂಕ ಹೊರಗೆ ಹೋಗಬೇಕಾಯಿತು, ಅಷ್ಟೆ. ಅಜ್ಜಿ ಒಪ್ಪಿದರು.

ಕೆಲವು ದಿನಗಳ ಮೇಲೆ ಹುಡುಗಿ ನನ್ನನ್ನು ಮನೆಗೆ ಕರೆದೊಯ್ದಳು. ಬಾಗಿಲ ಪರದೆ ಅರ್ಧ ಸರಿದಿತ್ತು. ತಾಯಿ ತೀರಾ ಬಡಕಲಾಗಿದ್ದರು. ನಾನು ಕೂರುವ ಮೊದಲೇ ಕೇಳಿದರು:

"ಎದುರಿಗಿ ಬೇವಿನ ಗಿಡ ಇತ್ರಿ ಟೀಚರ್. ಯಾವಾಗ ಕಡದ್ರೋ. ನನಗ ಯಾರೂ ಹೇಳೇ ಇಲ್ರಿ."

"ಹೇಳಿ ಏನ್ ಮಾಡೋದಿತ್ತು?" ಎಂದರು ಅಜ್ಜಿ, ಒಲೆಯ ಹತ್ತಿರದಿಂದ.

"ಏನಿಲ್ಲ. ಗಿಡ ಅದ ಅಂತೇ ತಿಳ್ಕೊಂಡಿದ್ದೆ." ಸ್ವಲ್ಪ ಹೊತ್ತು ಹೊರಗೆ ನೋಡಿದರು. "ಮಂದೀನೂ ಒಳಗ ತಿರುಗಿ ನೋಡಂಗಿಲ್ರಿ. ಹಂಗೇ ಹೋಗ್ತಾರ."

ಹುಡುಗಿ ನನಗೆ ಚಹಾ ಕೊಟ್ಟು ತಾಯಿಯ ಕಾಲ ಹತ್ತಿರ ಕೂತಳು. ನಾನು ಶಾಲೆಯ ಮಾತು ತೆಗೆದೆ. ಮಗಳು ಬಹಳ ಜಾಣೆ ಎಂದೆ. ತಾಯಿ ನಕ್ಕರು, ಆದರೆ ಕಣ್ಣು ಓಣಿಯ ಮೇಲೇ ಇತ್ತು.

ಬೇಸಿಗೆ ರಜೆಯಲ್ಲಿ ಆ ತಾಯಿ ತೀರಿಕೊಂಡರು. ಶಾಲೆ ತೆರೆದಾಗ ಹುಡುಗಿ ಬರಲಿಲ್ಲ. ಭಾಲ್ಕಿಯಲ್ಲಿರುವ ಚಿಕ್ಕಮ್ಮನ ಮನೆಗೆ ಕಳಿಸಿದ್ದಾರೆಂದು ಅವಳ ಗೆಳತಿಯರು ಹೇಳಿದರು. ಆ ವರ್ಷದ ಮಕ್ಕಳಿಗೆ, ಮನೆ ಬೇಡ, ಈ ತರಗತಿಯನ್ನೇ ಅಳೆಯಿರಿ ಎಂದೆ.

ಆಮೇಲೊಮ್ಮೆ ಬೀದರಿನ ಬಸ್ ನಿಲ್ದಾಣದಲ್ಲಿ ಸಿಕ್ಕಳು, ಚಿಕ್ಕಮ್ಮನ ಜೊತೆ. ಉದ್ದವಾಗಿದ್ದಳು. ಶಾಲೆಗೆ ಹೋಗುತ್ತೀಯಾ ಎಂದು ಕೇಳಿದೆ.

"ಹೋಗ್ತೇನ್ರಿ." ಆಮೇಲೆ, ನಾನು ಕೇಳದೆಯೇ, ನೆಲ ನೋಡುತ್ತ ಹೇಳಿದಳು: "ಅಮ್ಮಿ ಹೋಗಿದ್ದು ಮಧ್ಯಾಹ್ನ್ರಿ. ನಾ ಗಿರಣಿಗಿ ಹೋಗಿದ್ದೆ, ಹಿಟ್ಟು ತರ್ಲಾಕ. ದಾದೀಗಿ ನಿದ್ದಿ ಹತ್ತಿತ್ತು. ಯಾರೂ ನೋಡಿಲ್ರಿ."

ಅವಳ ಭುಜದ ಮೇಲೆ ಕೈಯಿಟ್ಟೆ. ಅಷ್ಟರಲ್ಲಿ ಭಾಲ್ಕಿಯ ಬಸ್ಸು ಬಂತು, ಚಿಕ್ಕಮ್ಮ ಕೂಗಿದರು, ಮಂದಿಯ ನೂಕಾಟದಲ್ಲಿ ಇಬ್ಬರೂ ಹತ್ತಿದರು. ಕೂರಲು ಜಾಗ ಸಿಕ್ಕಿತೋ ಇಲ್ಲವೋ, ಕೆಳಗೆ ನಿಂತ ನನಗೆ ಕಾಣಲಿಲ್ಲ.