ಆಮೆಯ ಚಿಪ್ಪು, ಅತ್ತೆಯ ಕುಟ್ಟಾಣಿ

ಆಮೆ ಬೇಕೆಂದು ನಾನೇನೂ ಕೇಳಿರಲಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಮೈದುನ, ಕಾಗದಪತ್ರವೆಲ್ಲ ಮಾಡಿಸಿ, ಆ ವಿದೇಶಿ ತಳಿಯ ಮರಿಯನ್ನು ಹುರುಪಿನಿಂದ ತಂದಿದ್ದ. ಹುರುಪು ಇಳಿದ ಮೇಲೆ, ಅಂಗಳದ ತುಂಬ ಮೆಣಸಿನಕಾಯಿ ಒಣಹಾಕಿದೆ, ಇದಕ್ಕೆ ಮೇಯಲು ಜಾಗವಿಲ್ಲ ಎಂದು ರಾಣೆಬೆನ್ನೂರಿನ ನಮ್ಮ ಹಿತ್ತಲಲ್ಲಿ ಬಿಟ್ಟುಹೋದ. ಶಾಲೆಯಲ್ಲಿ ಪಾಠ, ಮನೆಯಲ್ಲಿ ಅಡುಗೆ, ಅತ್ತೆಯ ಔಷಧ ಸಾಲದೆಂದು ಇದೂ ನನ್ನ ಕೊರಳಿಗೆ ಬಿತ್ತು.

ಹಿತ್ತಲಲ್ಲಿ ಹುಲ್ಲಿತ್ತು, ಬಿಸಿಲಿಗಂತೂ ನಮ್ಮಲ್ಲಿ ಬರವಿಲ್ಲ. ಮೇಯುವ ಪ್ರಾಣಿಗೆ ಇನ್ನೇನು ಬೇಕು ಅಂದುಕೊಂಡಿದ್ದೆ. ಒಂದು ದಿನ ಎತ್ತಿಕೊಂಡಾಗ ಚಿಪ್ಪಿನ ಅಂಚು ಹೆಬ್ಬೆರಳಿಗೆ ಮೆತ್ತಗೆ ತಗ್ಗಿತು. ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿ ಹಾವೇರಿಯ ಪಶುವೈದ್ಯರ ಹತ್ತಿರ ಹೋದೆ. ಬರೀ ಹುಲ್ಲಿನಿಂದ ಬೇಕಾದಷ್ಟು ಕ್ಯಾಲ್ಸಿಯಂ ಸಿಗುತ್ತಿಲ್ಲ, ಹೀಗೇ ಬಿಟ್ಟರೆ ಕಾಲು ಸೊಟ್ಟಗಾಗಿ ನಡೆಯುವುದೇ ನಿಲ್ಲುತ್ತದೆ, ಮೊಟ್ಟೆಯ ಸಿಪ್ಪೆ ಕುದಿಸಿ ಒಣಗಿಸಿ ಪುಡಿ ಮಾಡಿ ಸೊಪ್ಪಿನ ಮೇಲೆ ಉದುರಿಸಿ ಎಂದರು.

ನಮ್ಮದು ಮೊಟ್ಟೆ ಹೊಸ್ತಿಲು ದಾಟದ ಮನೆ. ಅತ್ತೆ ಲಿಂಗಪೂಜೆ ಮಾಡದೆ ನೀರು ಮುಟ್ಟುವವರಲ್ಲ. ವಿಷಯ ತೆಗೆದ ಕೂಡಲೇ, "ನಾ ಇರೋತನಕ ತತ್ತಿ ಸಿಪ್ಪಿ ಈ ಮನಿಯಾಗ ಬರಂಗಿಲ್ಲ" ಎಂದರು. ವಾದ ಮಾಡುವ ಶಕ್ತಿ ನನ್ನಲ್ಲಿರಲಿಲ್ಲ. ನುಗ್ಗೆ ಸೊಪ್ಪು ಹಾಕುತ್ತ ಬಂದೆ.

ಬರಬರುತ್ತ ಚಿಪ್ಪು ಗಟ್ಟಿಯಾಯಿತು. ಎಲ್ಲ ನನ್ನ ನುಗ್ಗೆ ಸೊಪ್ಪಿನ ಮಹಿಮೆ ಎಂದು ಮೈದುನನಿಗೆ ಫೋನಿನಲ್ಲಿ ಕೊಚ್ಚಿಕೊಂಡೆ.

ಆ ಮಳೆಗಾಲದಲ್ಲಿ ಅತ್ತೆ ಬಚ್ಚಲ ಬಾಗಿಲಲ್ಲಿ ಜಾರಿ ಕೈಯೂರಿದರು. ಅಷ್ಟಕ್ಕೇ ಎಡಗೈ ಮಣಿಕಟ್ಟು ಮುರಿಯಿತು. ಕ್ಯಾಲ್ಸಿಯಂ ಗುಳಿಗೆ ಕೊಡುತ್ತಿಲ್ಲವೇ ಎಂದು ಡಾಕ್ಟರು ನನ್ನನ್ನೇ ಗದರಿದರು. ದಿನಾ ಬೆಳಿಗ್ಗೆ ನಾನೇ ಅವರ ಅಂಗೈಗೆ ಹಾಕಿ ಶಾಲೆಗೆ ಓಡುತ್ತಿದ್ದೆ. ಅತ್ತೆ ಗೋಡೆ ನೋಡುತ್ತ ಕೂತಿದ್ದರು.

ಮನೆಗೆ ಬಂದು ಅವರಿಗೆ ಎಲೆ-ಅಡಿಕೆ ಕುಟ್ಟಿಕೊಡಲು ಹಿತ್ತಾಳೆಯ ಕುಟ್ಟಾಣಿ ತೆಗೆದೆ. ಅತ್ತೆ ತಮ್ಮ ತವರಿನಿಂದ ತಂದದ್ದು, ಹಲ್ಲಿಲ್ಲದ ಬಾಯಿಗೆ ಅದೇ ಆಸರೆ. ತಳದಲ್ಲಿ ಬಿಳಿ ಪುಡಿ ಅಂಟಿತ್ತು. ಸುಣ್ಣವಿರಬೇಕೆಂದು ಮೂಸಿದರೆ ಗುಳಿಗೆಯ ವಾಸನೆ. ಕೇಳಿದ ಮೇಲೆ ಒಪ್ಪಿಕೊಂಡರು. ನಾನು ಅತ್ತ ಹೋದ ಕೂಡಲೇ ತಮ್ಮ ಗುಳಿಗೆಯನ್ನು ಕುಟ್ಟಿ, ದಾಸವಾಳದ ಎಲೆಯಲ್ಲಿ ವೀಳ್ಯದ ಹಾಗೆ ಮಡಚಿ ಆಮೆಗೆ ತಿನ್ನಿಸುತ್ತಿದ್ದರಂತೆ.

ಸಿಟ್ಟು ನೆತ್ತಿಗೇರಿತು, ಅಳುವೂ ಬಂತು. ಯಾಕೆ ಹೀಗೆ ಮಾಡಿದಿರಿ ಎಂದೆ.

"ತತ್ತಿ ಬ್ಯಾಡ ಅಂದಾಕಿ ನಾನ. ಅದರ ಕಾಲು ಸೊಟ್ಟ ಆದ್ರ ಆ ಪಾಪ ಯಾರಿಗೆ?"

ಇಬ್ಬರ ಎಲುಬು ಕಾಯುವುದು ಇನ್ನು ನನ್ನಿಂದಾಗದು, ಆಮೆಯನ್ನು ಬ್ಯಾಡಗಿಗೆ ವಾಪಸ್ ಕಳಿಸುತ್ತೇನೆ ಎಂದೆ. ಬೆದರಿಕೆಯಲ್ಲ, ನಿಜಕ್ಕೂ ಸಾಕಾಗಿತ್ತು. ಅತ್ತೆ ಬಲಗೈಯಿಂದ ಕುಟ್ಟಾಣಿಯನ್ನು ನನ್ನ ಕಡೆ ಸರಿಸಿದರು.

"ಕಳಸಬ್ಯಾಡ. ಸಿಪ್ಪಿ ತಂದು ಇದರಾಗ ಕುಟ್ಟು. ನಾ ಇನ್ನ ಎಲಿ ಹಾಕ್ಕೊಳ್ಳಂಗಿಲ್ಲ."

ಈಗ ಕುಟ್ಟಾಣಿ ಹಿತ್ತಲಲ್ಲೇ ಇರುತ್ತದೆ. ಶಾಲೆಯಿಂದ ಬರುವಾಗ ಎಗ್‌ರೈಸ್ ಗಾಡಿಯವನ ಹತ್ತಿರ ಸಿಪ್ಪೆ ಕೇಳಿ ತರುತ್ತೇನೆ. ಬೆಳಿಗ್ಗೆ ಅತ್ತೆ ಗುಳಿಗೆ ನುಂಗಿ ನನಗೆ ಬಾಯಿ ತೆರೆದು ತೋರಿಸುತ್ತಾರೆ. ನಾನು ಹಿತ್ತಲಲ್ಲಿ ಕುಟ್ಟಲು ಕೂತರೆ, ಕಟ್ಟೆಯ ಮೇಲೆ ಕೂತ ಅವರ ಖಾಲಿ ಬಾಯಿ ಆ ಸದ್ದಿಗೆ ಮೆಲ್ಲಗೆ ಆಡುತ್ತಿರುತ್ತದೆ.